ಸಂಘದ ಲೆಕ್ಕದ ಪುಸ್ತಕ ಮತ್ತು ಮಗಳ ಸಂಖ್ಯಾಶಾಸ್ತ್ರ ಪರೀಕ್ಷೆ



ಉಬ್ರಾಣಿ ಹೋಬಳಿಯ ಒಂದು ಹಳ್ಳಿಯಲ್ಲಿ ಸಂಘದ ಸಭೆ ಮುಗಿಸಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಒಬ್ಬ ಸದಸ್ಯೆ ಹಿಂದೆಯೇ ಬಂದರು. "ಸಿಸ್ಟರ್, ನಮ್ಮ ಹುಡುಗಿ ಬಿ.ಕಾಂ. ಓದ್ತಾಳಲ್ಲ, ಎಲ್ಲಾ ಪಾಸಾಗಿದೆ. ಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ಉಳಿದುಬಿಟ್ಟಿದೆ. ಎರಡು ಸಲ ಕಟ್ಟಿದ್ಲು, ಆಗ್ಲಿಲ್ಲ. ಅವರಪ್ಪ ಓದಿದ್ದು ಸಾಕು ಅಂತ ಗಂಡು ನೋಡೋಕೆ ಶುರು ಮಾಡಿದಾರೆ. ನಾನೇನು ಹೇಳ್ಕೊಡ್ಲಿ, ನಂಗೆ ಆ ಲೆಕ್ಕ ಎಲ್ಲಿ ಬರುತ್ತೆ?" ಅಂದರು.

ನನಗೆ ಆಶ್ಚರ್ಯವಾಯಿತು. ಅರ್ಧ ಗಂಟೆ ಮೊದಲು ಇದೇ ತಾಯಿ ಸಭೆಯಲ್ಲಿ ಕುಳಿತು, ಯಾರ ಸಾಲ ಎಷ್ಟು, ಯಾರದು ಎಷ್ಟು ಕಂತು ಬಾಕಿ, ಈ ವರ್ಷ ಯಾರು ಹೆಚ್ಚು ಉಳಿತಾಯ ಮಾಡಿದರು ಎಂದು ಪುಸ್ತಕ ನೋಡದೆ ಹೇಳಿದ್ದರು. ಸಂಖ್ಯಾಶಾಸ್ತ್ರದ ಅರ್ಧ ಭಾಗ ಅದೇ ಅಲ್ಲವೇ? ಕಾಲೇಜಿನಲ್ಲಿ ಅದಕ್ಕೆ ಬೇರೆ ಹೆಸರು ಇಟ್ಟಿದ್ದಾರೆ, ಅಷ್ಟೇ.

ಇದನ್ನು ಬರೆಯಲು ಕಾರಣವಿದೆ. ನಮ್ಮ ಕಡೆ ಒಂದೇ ಒಂದು ಪೇಪರ್ ಉಳಿಯಿತು ಅಂತ ಓದು ನಿಲ್ಲಿಸುವ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಆ ಪೇಪರ್ ಹೆಚ್ಚಾಗಿ ಲೆಕ್ಕದ್ದೇ ಆಗಿರುತ್ತದೆ. ಆ ಭಯ ಹೇಗೆ ಹೋಗಬಹುದು, ತಾಯಂದಿರು ಮತ್ತು ಸಂಘ ಏನು ಮಾಡಬಹುದು ಎಂದು ಇಲ್ಲಿ ನೋಡೋಣ. ಮಗಳು ಮನೆಯಲ್ಲಿದ್ದರೆ ಇದನ್ನು ಅವಳಿಂದಲೇ ಓದಿಸಿ ಕೇಳಿರಿ.

ನಾನೂ ಫೇಲಾಗಿದ್ದೆ

ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಓದುವಾಗ ನಮಗೂ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರದ ಪೇಪರ್ ಇತ್ತು. ಮೊದಲ ಕಿರುಪರೀಕ್ಷೆಯಲ್ಲಿ ನಾನು ಫೇಲು. ಸೂತ್ರಗಳನ್ನೆಲ್ಲಾ ಬಾಯಿಪಾಠ ಮಾಡಿದ್ದೆ, ಆದರೆ ಯಾವ ಪ್ರಶ್ನೆಗೆ ಯಾವ ಸೂತ್ರ ಎಂದು ಗೊತ್ತಾಗಲಿಲ್ಲ. ಆಮೇಲೆ ಕ್ಷೇತ್ರಕಾರ್ಯಕ್ಕೆಂದು ಒಂದು ಊರಿನಲ್ಲಿ ಮನೆಮನೆ ಸಮೀಕ್ಷೆ ಮಾಡಿದೆವು. ಯಾವ ಮನೆಯಲ್ಲಿ ಎಷ್ಟು ಜನ, ಎಷ್ಟು ಕೂಲಿ, ಎಷ್ಟು ಸಾಲ ಎಂದು ನಾನೇ ಕೇಳಿ ಬರೆದುಕೊಂಡ ಅಂಕಿಗಳು. ಅವುಗಳ ಮೇಲೆ ಲೆಕ್ಕ ಮಾಡಿದಾಗ ಪಾಠ ತಾನಾಗಿ ತಲೆಗೆ ಹೋಯಿತು. ಅಂಕಿಯ ಹಿಂದೆ ಮನುಷ್ಯರು ಕಂಡರೆ ಸಂಖ್ಯಾಶಾಸ್ತ್ರ ಅರ್ಥವಾಗುತ್ತದೆ ಎಂದು ಅಂದಿನಿಂದ ನಂಬಿದ್ದೇನೆ.

ಕ್ರೆಡಿಟ್ ಅಂದರೆ ಏನು?

ಈಗಿನ ಡಿಗ್ರಿಯಲ್ಲಿ ಪ್ರತಿ ವಿಷಯಕ್ಕೂ ಇಷ್ಟು ಕ್ರೆಡಿಟ್ ಎಂದು ಇರುತ್ತದೆ. ನಮ್ಮ ಉಳಿತಾಯದ ಹಾಗೆ ಅದು. ಪ್ರತಿ ಸೆಮಿಸ್ಟರಿನಲ್ಲಿ ಪಾಸಾದ ವಿಷಯದ ಕ್ರೆಡಿಟ್ ಅವಳ ಖಾತೆಗೆ ಜಮಾ ಆಗುತ್ತದೆ. ಒಂದು ಕ್ರೆಡಿಟ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರಿಗೆ ಸುಮಾರು 15 ಗಂಟೆಯ ಪಾಠ. ಬೇಕಾದಷ್ಟು ಕ್ರೆಡಿಟ್ ಕೂಡಿದಾಗ ಡಿಗ್ರಿ ಸಿಗುತ್ತದೆ. ಒಂದು ವಿಷಯ ಉಳಿದರೆ ಮಿಕ್ಕ ವಿಷಯಗಳ ಜಮಾ ಅಳಿಸಿಹೋಗುವುದಿಲ್ಲ, ಆ ಒಂದು ಕಂತು ಮಾತ್ರ ಬಾಕಿ. ಒಂದು ಕಂತು ಬಾಕಿ ಇದೆ ಅಂತ ಸದಸ್ಯೆಯನ್ನು ನಾವು ಸಂಘದಿಂದ ತೆಗೆದುಹಾಕುತ್ತೇವೆಯೇ? ಹಾಗೆಯೇ ಒಂದು ಪೇಪರ್ ಉಳಿಯಿತು ಅಂತ ಮಗಳ ಓದು ಬಿಡಿಸಬಾರದು. ಮತ್ತೆ ಕಟ್ಟಿ ಬರೆಯಲು ಅವಕಾಶ ಇರುತ್ತದೆ. ಎಷ್ಟು ವರ್ಷದೊಳಗೆ ಮುಗಿಸಬೇಕು ಎಂಬುದನ್ನು ಮಾತ್ರ ಕಾಲೇಜಿನ ಆಫೀಸಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಸರಾಸರಿ, ಮಧ್ಯಾಂಕ, ಬಹುಲಕ

ಈಗ ಪಾಠಕ್ಕೆ ಬರೋಣ. ಒಂಬತ್ತು ಸದಸ್ಯೆಯರ ಸಾಲ ಹೀಗಿದೆ ಅಂತ ಇಟ್ಟುಕೊಳ್ಳಿ (ಇದು ಲೆಕ್ಕಕ್ಕೆ ಮಾಡಿಕೊಂಡ ಅಂಕಿ): 2000, 3000, 3000, 3000, 5000, 6000, 6000, 7000, 55000 ರೂಪಾಯಿ.

ಎಲ್ಲ ಕೂಡಿದರೆ 90000. ಒಂಬತ್ತರಿಂದ ಭಾಗಿಸಿದರೆ 10000. ಇದು ಸರಾಸರಿ, ಕಾಲೇಜಿನಲ್ಲಿ ಮೀನ್ ಎನ್ನುತ್ತಾರೆ.

ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಲ್ಲುವವಳು ಐದನೆಯವಳು. ಅವಳ ಸಾಲ 5000. ಇದು ಮಧ್ಯಾಂಕ, ಅಂದರೆ ಮೀಡಿಯನ್. ಸಂಖ್ಯೆಗಳು ಸಮಸಂಖ್ಯೆಯಲ್ಲಿದ್ದರೆ, ಹತ್ತು ಅಂತಿಟ್ಟುಕೊಳ್ಳಿ, ನಡುವಿನ ಎರಡನ್ನು ಕೂಡಿ ಅರ್ಧ ಮಾಡಬೇಕು.

ಹೆಚ್ಚು ಸಲ ಬಂದ ಅಂಕಿ 3000. ಇದು ಬಹುಲಕ, ಅಂದರೆ ಮೋಡ್. ಕೆಲವು ಪುಸ್ತಕಗಳಲ್ಲಿ ರೂಢಿಬೆಲೆ ಎಂದಿರುತ್ತದೆ.

ಈಗ ಯೋಚಿಸಿ. "ನಿಮ್ಮ ಸಂಘದಲ್ಲಿ ಒಬ್ಬೊಬ್ಬರಿಗೆ ಸರಾಸರಿ ಹತ್ತು ಸಾವಿರ ಸಾಲ ಸಿಕ್ಕಿದೆ" ಎಂದು ಯಾರಾದರೂ ವರದಿ ಬರೆದರೆ ಅದು ಸುಳ್ಳಲ್ಲ. ಆದರೆ ಒಂಬತ್ತರಲ್ಲಿ ಎಂಟು ಜನಕ್ಕೆ ಹತ್ತು ಸಾವಿರ ಸಿಕ್ಕೇ ಇಲ್ಲ! ಒಬ್ಬಳ ದೊಡ್ಡ ಸಾಲ ಸರಾಸರಿಯನ್ನು ಮೇಲಕ್ಕೆ ಎಳೆದುಬಿಟ್ಟಿತು. ಮಧ್ಯಾಂಕ ಮಾತ್ರ ಅಲುಗಾಡಲಿಲ್ಲ. "ಮೀಡಿಯನ್‌ನ ಉಪಯೋಗ ಏನು?" ಎಂದು ಪರೀಕ್ಷೆಯಲ್ಲಿ ಕೇಳಿದರೆ ಇದೇ ಉತ್ತರ. ಇಷ್ಟು ಅರ್ಥವಾದ ಹುಡುಗಿ ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮಾನಕ ವಿಚಲನೆ: ಎಷ್ಟು ಏರುಪೇರು?

ಹೆಸರು ಕೇಳಿ ಹೆದರಬೇಡಿ. ಕಾಲೇಜಿನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಎನ್ನುತ್ತಾರೆ. ಅಡಿಕೆ ಸುಲಿಯುವ ಇಬ್ಬರನ್ನು ತೆಗೆದುಕೊಳ್ಳಿ. ಐದು ದಿನದಲ್ಲಿ ಒಬ್ಬಳು 38, 40, 40, 40, 42 ಕಿಲೋ ಸುಲಿದಳು. ಇನ್ನೊಬ್ಬಳು 20, 30, 40, 50, 60 ಕಿಲೋ. ಇಬ್ಬರ ಸರಾಸರಿಯೂ 40. ಆದರೆ ಇಬ್ಬರೂ ಒಂದೇ ಅಂತ ನೀವು ಹೇಳುತ್ತೀರಾ? ಮೊದಲನೆಯವಳ ಕೂಲಿಯನ್ನು ನಂಬಿ ಸಂತೆ ಮಾಡಬಹುದು. ಎರಡನೆಯವಳದು ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ. ಆ ಏರುಪೇರನ್ನು ಅಳೆಯುವುದೇ ಮಾನಕ ವಿಚಲನೆ. ಲೆಕ್ಕ ಮಾಡುವ ಕ್ರಮ ಹೀಗೆ:

1. ಸರಾಸರಿ ಕಂಡುಹಿಡಿಯಿರಿ. ಇಲ್ಲಿ 40.
2. ಪ್ರತಿ ಅಂಕಿಯಿಂದ ಸರಾಸರಿ ಕಳೆಯಿರಿ. ಎರಡನೆಯವಳಿಗೆ: -20, -10, 0, 10, 20.
3. ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ, ಅಂದರೆ ವರ್ಗ ಮಾಡಿ: 400, 100, 0, 100, 400.
4. ಕೂಡಿರಿ: 1000. ದಿನಗಳ ಸಂಖ್ಯೆ 5ರಿಂದ ಭಾಗಿಸಿ: 200.
5. ಅದರ ವರ್ಗಮೂಲ ತೆಗೆಯಿರಿ: ಸುಮಾರು 14.14 ಕಿಲೋ.

ಮೊದಲನೆಯವಳಿಗೆ ಇದೇ ರೀತಿ ಮಾಡಿದರೆ ವರ್ಗಗಳ ಮೊತ್ತ 8, ಐದರಿಂದ ಭಾಗಿಸಿದರೆ 1.6, ವರ್ಗಮೂಲ ಸುಮಾರು 1.26 ಕಿಲೋ. ಸರಾಸರಿ ಒಂದೇ ಇದ್ದರೂ ಏರುಪೇರಿನಲ್ಲಿ ಹನ್ನೊಂದು ಪಟ್ಟು ವ್ಯತ್ಯಾಸ!

ವರ್ಗ ಯಾಕೆ ಮಾಡಬೇಕು ಅಂತ ಮಕ್ಕಳು ಕೇಳುತ್ತಾರೆ. ಮಾಡದೆ ಕೂಡಿದರೆ ಹೆಚ್ಚು ಕಡಿಮೆ ಎರಡೂ ಹೊಡೆದುಹೋಗಿ ಸೊನ್ನೆ ಬರುತ್ತದೆ, ಅದಕ್ಕೆ. ಒಂದು ಎಚ್ಚರಿಕೆ: ಆಯ್ದ ಮಾದರಿಯ ಲೆಕ್ಕದಲ್ಲಿ ಒಟ್ಟು ಸಂಖ್ಯೆಯಿಂದ ಒಂದು ಕಳೆದು ಭಾಗಿಸುವ ಸೂತ್ರವೂ ಇದೆ. ತಮ್ಮ ಪಠ್ಯದಲ್ಲಿ ಯಾವುದು ಬಳಸಿದ್ದಾರೆ ಎಂದು ಮಗಳು ಉಪನ್ಯಾಸಕರನ್ನು ಕೇಳಿಕೊಳ್ಳಲಿ.

ಅನ್ನದ ಅಗುಳು ಮತ್ತು ಚೀಟಿ ಎತ್ತುವುದು

ಅನ್ನ ಬೆಂದಿದೆಯೋ ಇಲ್ಲವೋ ಎಂದು ಪಾತ್ರೆಯ ಅನ್ನವನ್ನೆಲ್ಲಾ ಹಿಚುಕಿ ನೋಡುತ್ತೇವೆಯೇ? ಒಂದೆರಡು ಅಗುಳು ಸಾಕು. ಆದರೆ ಮೇಲಿನ ಅಗುಳನ್ನು ಮಾತ್ರ ನೋಡಿದರೆ ತಳ ಹಿಡಿದದ್ದು ಗೊತ್ತಾಗುವುದಿಲ್ಲ, ಸೌಟು ಹಾಕಿ ತಿರುಗಿಸಿ ನೋಡಬೇಕು. ಇದೇ ಮಾದರಿ ಆಯ್ಕೆ, ಅಂದರೆ ಸ್ಯಾಂಪ್ಲಿಂಗ್. ನಮ್ಮ ದೇಶದಲ್ಲಿ ಈ ಕೆಲಸವನ್ನು ದೊಡ್ಡದಾಗಿ ಮಾಡಿಸಿದವರು ಪಿ.ಸಿ. ಮಹಾಲನೋಬಿಸ್. ಅವರು 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಅವರ ಪ್ರಯತ್ನದಿಂದ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಅವರ ಹುಟ್ಟುಹಬ್ಬವಾದ ಜೂನ್ 29ನ್ನು 2007ರಿಂದ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಾರೆ.

ಇನ್ನು ಸಂಭವನೀಯತೆ, ಅಂದರೆ ಪ್ರಾಬಬಿಲಿಟಿ. ಸಂಘದಲ್ಲಿ 20 ಜನ, ಅದರಲ್ಲಿ 6 ಜನ ಮೇಲಿನ ಕೇರಿಯವರು. ತರಬೇತಿಗೆ ಕಳಿಸಲು ಚೀಟಿ ಎತ್ತುತ್ತೀರಿ. ಮೇಲಿನ ಕೇರಿಯವರ ಹೆಸರು ಬರುವ ಸಾಧ್ಯತೆ 20ರಲ್ಲಿ 6, ಅಂದರೆ 0.3. ಎರಡು ಚೀಟಿ ಎತ್ತಿದರೆ ಎರಡೂ ಆ ಕೇರಿಯದೇ ಬರುವ ಸಾಧ್ಯತೆ ಎಷ್ಟು? ಇಲ್ಲಿ ಎಷ್ಟೋ ಮಕ್ಕಳು ತಪ್ಪುತ್ತಾರೆ. ಮೊದಲ ಚೀಟಿ ಹೊರಗೆ ಬಂದಮೇಲೆ ಡಬ್ಬಿಯಲ್ಲಿ ಉಳಿದದ್ದು 19, ಅದರಲ್ಲಿ ಮೇಲಿನ ಕೇರಿಯದು 5. ಆದ್ದರಿಂದ 6/20 ಗುಣಿಸು 5/19, ಅಂದರೆ 3/38, ಸುಮಾರು 0.08. ಮೊದಲ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿದರೆ ಮಾತ್ರ 6/20 ಗುಣಿಸು 6/20, ಅಂದರೆ 0.09. ಪ್ರಶ್ನೆಯಲ್ಲಿ "ಮರಳಿ ಹಾಕದೆ" ಎಂದಿದೆಯೋ "ಮರಳಿ ಹಾಕಿ" ಎಂದಿದೆಯೋ ಎಂದು ಅಡಿಗೆರೆ ಎಳೆದು ಓದಬೇಕು. ಡಬ್ಬಿ ಮತ್ತು ಚೀಟಿ ಇಟ್ಟುಕೊಂಡು ಮನೆಯಲ್ಲೇ ಮಾಡಿ ನೋಡಿದರೆ ಇದು ಮರೆಯುವುದಿಲ್ಲ.

ಕೊಡೆಯಿಂದ ಕೊಳೆರೋಗ ಬರುತ್ತದೆಯೇ?

ಎರಡು ವಿಷಯ ಒಟ್ಟಿಗೆ ಏರುತ್ತವೆಯೋ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆಯೋ ಎಂದು ನೋಡುವುದು ಸಹಸಂಬಂಧ, ಅಂದರೆ ಕೋರಿಲೇಷನ್. ಇದರ ಬೆಲೆ ಯಾವಾಗಲೂ -1ರಿಂದ +1ರ ಒಳಗೇ ಇರಬೇಕು. ಮಳೆಗಾಲದಲ್ಲಿ ಅಂಗಡಿಯಲ್ಲಿ ಕೊಡೆ ಹೆಚ್ಚು ಮಾರಾಟವಾಗುತ್ತದೆ. ಅದೇ ತಿಂಗಳಲ್ಲಿ ಅಡಿಕೆ ತೋಟದಲ್ಲಿ ಕೊಳೆರೋಗವೂ ಹೆಚ್ಚು. ಅಂಕಿ ಹಾಕಿ ನೋಡಿದರೆ ಎರಡೂ ಒಟ್ಟಿಗೆ ಏರುತ್ತವೆ. ಹಾಗಂತ ಕೊಡೆ ಮಾರಾಟ ನಿಲ್ಲಿಸಿದರೆ ಕೊಳೆ ನಿಲ್ಲುತ್ತದೆಯೇ? ಎರಡಕ್ಕೂ ಕಾರಣ ಬಿಡದೆ ಸುರಿಯುವ ಮಳೆ. ತೋಟಕ್ಕೆ ಬೇಕಾದದ್ದು ಬೋರ್ಡೋ ದ್ರಾವಣ. ಸಹಸಂಬಂಧ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ ಎಂಬುದು ಈ ಪಾಠದ ಮುಖ್ಯ ಮಾತು.

ಉತ್ತರವೇ ತಪ್ಪು ತೋರಿಸಿಕೊಡುತ್ತದೆ

ಸಂಘದ ನಗದು ಲೆಕ್ಕದಲ್ಲಿ ಕೈಯಲ್ಲಿರುವ ಹಣ ಸೊನ್ನೆಗಿಂತ ಕಡಿಮೆ ಬಂದರೆ, ಬರೆದದ್ದರಲ್ಲಿ ಎಲ್ಲೋ ತಪ್ಪಿದೆ ಎಂದು ನಮಗೆ ತಕ್ಷಣ ತಿಳಿಯುತ್ತದಲ್ಲವೇ? ಪರೀಕ್ಷೆಯಲ್ಲೂ ಹಾಗೆಯೇ ಉತ್ತರವನ್ನು ಪರೀಕ್ಷಿಸಬಹುದು.

- ಸರಾಸರಿ ಅತಿ ಚಿಕ್ಕ ಅಂಕಿಗಿಂತ ಕಡಿಮೆ, ಅತಿ ದೊಡ್ಡದಕ್ಕಿಂತ ಹೆಚ್ಚು ಬರಲಾರದು.
- ಮಾನಕ ವಿಚಲನೆ ಎಂದೂ ಋಣಾತ್ಮಕ ಆಗದು.
- ಸಂಭವನೀಯತೆ 0 ಮತ್ತು 1ರ ನಡುವೆ ಇರಬೇಕು.
- ಸಹಸಂಬಂಧ 1.3 ಅಂತ ಬಂದರೆ ಗುಣಾಕಾರದಲ್ಲೋ ಕಳೆಯುವುದರಲ್ಲೋ ತಪ್ಪಾಗಿದೆ.
- ಅಂಕಿಗಳಿಂದ ಸರಾಸರಿ ಕಳೆದು ಬಂದದ್ದನ್ನೆಲ್ಲಾ ಕೂಡಿದರೆ ಸೊನ್ನೆ ಬರಬೇಕು. ಸರಾಸರಿಯನ್ನು ದಶಮಾಂಶದಲ್ಲಿ ಕಡಿತ ಮಾಡಿದ್ದರೆ ಚೂರು ವ್ಯತ್ಯಾಸ ಬರಬಹುದು.

ಈ ಐದು ಮಾತನ್ನು ಒಂದು ಚೀಟಿಯಲ್ಲಿ ಬರೆದು ಓದುವ ಜಾಗದಲ್ಲಿ ಗೋಡೆಗೆ ಅಂಟಿಸಲಿ.

ಎಂಟು ವಾರದ ತಯಾರಿ

ಸಂಖ್ಯಾಶಾಸ್ತ್ರವನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಬರೆಯಲಾಗದು. ಈಜು ಕಲಿತ ಹಾಗೆ, ದಿನಾ ಸ್ವಲ್ಪ ಇಳಿಯಬೇಕು. ದಿನಕ್ಕೆ ಒಂದು ಗಂಟೆ ಸಿಕ್ಕರೆ ಸಾಕು.

ಮೊದಲ ವಾರ: ಕಾಲೇಜಿನಿಂದ ಪಠ್ಯಕ್ರಮದ ಹಾಳೆ ಮತ್ತು ಹಿಂದಿನ ನಾಲ್ಕೈದು ಪ್ರಶ್ನೆಪತ್ರಿಕೆ ತರಬೇಕು. ಯಾವ ಪಾಠದಿಂದ ಎಷ್ಟು ಅಂಕಕ್ಕೆ ಕೇಳಿದ್ದಾರೆ ಎಂದು ಪಟ್ಟಿ ಮಾಡಬೇಕು. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠ ಒಮ್ಮೆ ತಿರುವಿ ಹಾಕಲಿ, ಬುನಾದಿ ಅಲ್ಲೇ ಇದೆ.

ಎರಡು, ಮೂರನೇ ವಾರ: ಕೋಷ್ಟಕ ಮಾಡುವುದು, ಸರಾಸರಿ, ಮಧ್ಯಾಂಕ, ಬಹುಲಕ.

ನಾಲ್ಕನೇ ವಾರ: ಮಾನಕ ವಿಚಲನೆ. ಐದನೇ ವಾರ: ಸಹಸಂಬಂಧ ಮತ್ತು ಅದರ ಜೊತೆಯ ಪಾಠ. ಆರನೇ ವಾರ: ಸಂಭವನೀಯತೆ, ಸೂಚ್ಯಂಕ. ಸೂಚ್ಯಂಕ ಎಂದರೆ ಬೆಲೆ ಏರಿಕೆಯ ಅಳತೆ. 40 ರೂಪಾಯಿಯ ಅಕ್ಕಿ 50 ಆದರೆ ಸೂಚ್ಯಂಕ 125, ಅಂದರೆ ನೂರಕ್ಕೆ 25 ಏರಿಕೆ.

ಏಳು, ಎಂಟನೇ ವಾರ: ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಪೂರ್ತಿ ಬರೆಯುವುದು. ಮೂರು ಗಂಟೆಗೆ 80 ಅಂಕ ಎಂದಾದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಹತ್ತು ಅಂಕದ ಲೆಕ್ಕಕ್ಕೆ 22 ನಿಮಿಷಕ್ಕಿಂತ ಹೆಚ್ಚು ಕೂರಬಾರದು, ಬಿಟ್ಟು ಮುಂದೆ ಹೋಗಬೇಕು. ಅವಳ ಪೇಪರಿನ ಅಂಕ ಬೇರೆ ಇದ್ದರೆ ಇದೇ ರೀತಿ ಭಾಗಿಸಿ ನೋಡಲಿ.

ಪ್ರತಿ ಲೆಕ್ಕವನ್ನೂ ಕೈಯಲ್ಲಿ ಬರೆದು ಮಾಡಬೇಕು. ಬಿಡಿಸಿದ ಲೆಕ್ಕವನ್ನು ಕಣ್ಣಲ್ಲಿ ಓದಿದರೆ ಬಂದಂತೆ ಅನ್ನಿಸುತ್ತದೆ, ಪೆನ್ನು ಹಿಡಿದಾಗ ಬರುವುದಿಲ್ಲ. ನನಗೆ ಆದದ್ದು ಅದೇ. ತಪ್ಪಾದ ಲೆಕ್ಕಗಳಿಗೆ ಬೇರೆ ಒಂದು ನೋಟ್‌ಬುಕ್ ಇರಲಿ, ಎಲ್ಲಿ ತಪ್ಪಿತು ಎಂದು ಒಂದು ಸಾಲು ಬರೆಯಲಿ. ಯಾವ ಕ್ಯಾಲ್ಕುಲೇಟರ್ ಒಳಗೆ ಬಿಡುತ್ತಾರೆ ಎಂದು ಮೊದಲೇ ಕೇಳಿ, ಅದರಲ್ಲೇ ಅಭ್ಯಾಸ ಮಾಡಬೇಕು. ಪರೀಕ್ಷೆಯಲ್ಲಿ ಹಂತಹಂತವಾಗಿ ಬರೆಯಬೇಕು. ಕೊನೆಯ ಉತ್ತರ ತಪ್ಪಿದರೂ ಸರಿಯಾದ ಹಂತಗಳಿಗೆ ಅಂಕ ಸಿಗಬಹುದು.

ಮನೆಯಲ್ಲೇ ಕಲಿಯುವ ದಾರಿಗಳು

ಕೇಂದ್ರ ಸರ್ಕಾರ 2017ರಲ್ಲಿ ಸ್ವಯಂ ಎಂಬ ಆನ್‌ಲೈನ್ ಕಲಿಕೆಯನ್ನು ಆರಂಭಿಸಿತು. ಅದರಲ್ಲಿ ಸಂಖ್ಯಾಶಾಸ್ತ್ರದ ಪಾಠಗಳೂ ಇವೆ. ಮೊಬೈಲಿನಲ್ಲಿ ಪಾಠ ಕೇಳುವುದು ಉಚಿತ, ಪರೀಕ್ಷೆ ಬರೆಯಲು ಮಾತ್ರ ಶುಲ್ಕ. ಇಂಥ ಕೋರ್ಸಿನ ಕ್ರೆಡಿಟನ್ನು ಡಿಗ್ರಿಗೆ ಸೇರಿಸಲು ಯು.ಜಿ.ಸಿ. 2016ರಲ್ಲಿ ನಿಯಮ ಮಾಡಿತು. 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇಕಡಾ 40ರವರೆಗೆ ಹೀಗೆ ಪಡೆಯಲು ವಿಶ್ವವಿದ್ಯಾಲಯಗಳು ಬಿಡಬಹುದು. ಆದರೆ ಅವಳ ವಿಷಯಕ್ಕೆ ಒಪ್ಪುತ್ತಾರೋ ಇಲ್ಲವೋ ಎಂದು ಕಾಲೇಜಿನಲ್ಲಿ ಕೇಳದೆ ಹಣ ಕಟ್ಟಬೇಡಿ.

ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್ ಕೋರ್ಸುಗಳು ಇದರ ಒಂದು ಭಾಗ. ಅಲ್ಲಿ 25 ಅಂಕ ವಾರವಾರದ ಅಸೈನ್‌ಮೆಂಟಿಗೆ, 75 ಅಂಕ ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ. ಪಾಸಾಗಲು 25ಕ್ಕೆ 10, 75ಕ್ಕೆ 30 ಎರಡೂ ಬೇಕು. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಕ್ರೆಡಿಟ್ ಬೇಡವೆಂದರೂ ಅರ್ಥವಾಗದ ಪಾಠವನ್ನು ಮತ್ತೆ ಮತ್ತೆ ಕೇಳಲು ಇದು ಅನುಕೂಲ.

ಅರ್ಧಕ್ಕೆ ಓದು ಬಿಟ್ಟ ನಮ್ಮ ಸದಸ್ಯೆಯರೂ ಇದ್ದಾರೆ. ಅವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. 1996ರಲ್ಲಿ ಆರಂಭವಾದ ಇದರಲ್ಲಿ ಮನೆಯಲ್ಲಿದ್ದೇ ಓದಿ ಪರೀಕ್ಷೆ ಬರೆಯಬಹುದು.

ನಾಲ್ಕು ಗಂಟೆಗೆ ಹಚ್ಚಿದ ದೀಪ

"ನಂಗೆ ಓದು ಬರಲ್ಲ, ನಾನೇನು ಮಾಡ್ಲಿ" ಎಂದ ತಾಯಿಗೆ ಅಂದು ಬಸ್ಸು ಬರುವಷ್ಟರಲ್ಲಿ ನಾನು ಒಂದು ಸಂಗತಿ ಹೇಳಿದೆ. ನಮ್ಮದೇ ರಾಜ್ಯದ ಹೂವಿನ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಒಂದು ತೆಲುಗು ಮನೆಯಲ್ಲಿ ಗಂಡುಮಗು ಹುಟ್ಟಿತು. ಹತ್ತು ಮಕ್ಕಳಲ್ಲಿ ಎಂಟನೆಯದು. ಆ ಮಗುವೇ ಮುಂದೆ ಸಿ.ಆರ್. ರಾವ್ ಎಂದು ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಾದರು. 1941ರಲ್ಲಿ ಕಲ್ಕತ್ತದ ಸಂಖ್ಯಾಶಾಸ್ತ್ರ ಸಂಸ್ಥೆಗೆ ಸೇರಿದರು. 1945ರಲ್ಲಿ ಅವರು ಬರೆದ ಲೇಖನದ ವಿಷಯ ಇಂದಿಗೂ ಎಂ.ಎಸ್ಸಿ. ಮಕ್ಕಳ ಪಠ್ಯದಲ್ಲಿದೆ. 2001ರಲ್ಲಿ ಪದ್ಮವಿಭೂಷಣ ಬಂತು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು.

ಅವರು ತಮ್ಮ ಒಂದು ಪುಸ್ತಕವನ್ನು ತಾಯಿ ಲಕ್ಷ್ಮೀಕಾಂತಮ್ಮನವರಿಗೆ ಅರ್ಪಿಸಿದ್ದಾರೆ. ಚಿಕ್ಕಂದಿನಲ್ಲಿ ತಾಯಿ ದಿನಾ ಬೆಳಗಿನ ಜಾವ ನಾಲ್ಕು ಗಂಟೆಗೆ ತನ್ನನ್ನು ಎಬ್ಬಿಸಿ, ಓದಲು ಎಣ್ಣೆ ದೀಪ ಹಚ್ಚಿಕೊಡುತ್ತಿದ್ದರು ಎಂದು ಅಲ್ಲಿ ನೆನೆದಿದ್ದಾರೆ. ಅಷ್ಟು ದೊಡ್ಡವರಾದ ಮೇಲೂ ಅವರಿಗೆ ನೆನಪಿದ್ದದ್ದು ಆ ದೀಪ, ಆ ಸದ್ದಿಲ್ಲದ ಹೊತ್ತು. ಅದನ್ನು ಕೊಡಲು ನಮಗೆ ಡಿಗ್ರಿ ಬೇಕೇ?

ತಾಯಿ ಮತ್ತು ಸಂಘ ಏನು ಮಾಡಬಹುದು?

- ದಿನಕ್ಕೆ ಒಂದು ಗಂಟೆ ಮಗಳನ್ನು ನೀರಿಗೆ, ಪಾತ್ರೆಗೆ, ಅಂಗಡಿಗೆ ಕರೆಯಬೇಡಿ. ಮಗನೂ ಒಂದು ಕೊಡ ನೀರು ತರಲಿ.
- ಸಂಘದ ಹಳೆಯ ಉಳಿತಾಯದ ಅಂಕಿಗಳನ್ನು ಹೆಸರು ಬಿಟ್ಟು ಬರೆದು ಕೊಡಿ. ಸರಾಸರಿ, ಮಧ್ಯಾಂಕ ಕಂಡುಹಿಡಿದು ಸಭೆಯಲ್ಲಿ ಅವಳೇ ಹೇಳಲಿ. ಇನ್ನೊಬ್ಬರಿಗೆ ಹೇಳಿಕೊಟ್ಟಾಗ ಅವಳಿಗೂ ಗಟ್ಟಿಯಾಗುತ್ತದೆ, ನಿಮಗೂ ಲೆಕ್ಕ ತಿಳಿಯುತ್ತದೆ.
- ಅದೇ ಪೇಪರ್ ಉಳಿಸಿಕೊಂಡ ಎರಡು ಮೂರು ಹುಡುಗಿಯರು ಇದ್ದರೆ ಭಾನುವಾರ ಒಂದು ಮನೆಯಲ್ಲಿ ಕೂರಿಸಿ. ಪಾಸಾದ ಅಕ್ಕ ಯಾರಾದರೂ ಬಂದು ಹೇಳಿಕೊಡಲಿ.
- ಪರೀಕ್ಷೆ ಕಟ್ಟುವ ಹಣಕ್ಕೆ ಸಂಘದ ಆಂತರಿಕ ಸಾಲ ಕೊಡಬಹುದು. ಕಟ್ಟುವ ಕೊನೆಯ ದಿನವನ್ನು ನಡಾವಳಿ ಪುಸ್ತಕದಲ್ಲೇ ಬರೆದಿಡಿ. ಎಷ್ಟೋ ಮಕ್ಕಳಿಗೆ ಆ ದಿನ ತಪ್ಪಿಹೋಗಿಯೇ ಆರು ತಿಂಗಳು ಹೋಗುತ್ತದೆ.
- ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿ ಮದುವೆ ಮಾತು ಬೇಡ. ಇದನ್ನು ಗಂಡಸರಿಗೆ ಒಬ್ಬಳೇ ಹೇಳುವುದು ಕಷ್ಟ. ಸಂಘದ ನಾಲ್ಕು ಜನ ಹೋಗಿ ಕೂತು ಹೇಳಿದರೆ ಕೇಳುತ್ತಾರೆ.

ಆ ಹುಡುಗಿ ಈಗ ಮೂರನೇ ಸಲ ಪರೀಕ್ಷೆ ಕಟ್ಟಿದ್ದಾಳೆ. ಫಲಿತಾಂಶ ಇನ್ನೂ ಬಂದಿಲ್ಲ. ಕಳೆದ ಸಭೆಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಸಂಘದ ಒಂದು ವರ್ಷದ ಉಳಿತಾಯದ ಮಧ್ಯಾಂಕ ತೆಗೆದು ಹೇಳಿದಳು. "ಸರಾಸರಿಗಿಂತ ಇದೇ ನಿಜ ಹೇಳುತ್ತೆ ಆಂಟಿ, ನಮ್ಮಲ್ಲಿ ಇಬ್ಬರು ಮಾತ್ರ ಜಾಸ್ತಿ ಕಟ್ತಾರೆ" ಎಂದಳು. ಯಾರೂ ಅವಳಿಗೆ ಅದನ್ನು ಬಾಯಿಪಾಠ ಮಾಡಿಸಿರಲಿಲ್ಲ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದ ಮನೆಗಳಲ್ಲಿ ಒಂದೆರಡು ವಿಷಯ ಉಳಿದು ಓದು ನಿಲ್ಲಿಸಿದ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ?
2. ಅವರಲ್ಲಿ ಮತ್ತೆ ಪರೀಕ್ಷೆ ಕಟ್ಟಲು ಯಾರಿಗೆ ಇನ್ನೂ ಅವಕಾಶ ಇದೆ? ಕಾಲೇಜಿಗೆ ಹೋಗಿ ಕೇಳಿ ಬರುವವರು ಯಾರು?
3. ನಮ್ಮ ಸಂಘದ ಸಾಲದ ಸರಾಸರಿ ಎಷ್ಟು, ಮಧ್ಯಾಂಕ ಎಷ್ಟು? ಎರಡೂ ಬೇರೆ ಬೇರೆ ಇದ್ದರೆ ಯಾಕೆ?